"ಗಣಿತ ಸಾಲಲಿಲ್ವಾ?" ಅಂತ ಕೇಳುವವರಿಗೆ

ನಮ್ಮದು ಗಣಿತ ಬಳಗ. ವಾರಕ್ಕೊಮ್ಮೆ ಸೇರುತ್ತೇವೆ, ಒಂದು ಲೆಕ್ಕ ಹಿಡಿದು ಎರಡು ಗಂಟೆ ಜಗ್ಗಾಡುತ್ತೇವೆ. ಮೂರು ವರ್ಷ ಹಾಗೇ ನಡೆಯಿತು. ಆಮೇಲೆ ಬೇರೆಯವರನ್ನೂ ಕರೆದೆವು. ಜೀವಶಾಸ್ತ್ರ, ಭೌತಶಾಸ್ತ್ರ ಓದಿದವರು ಬಂದರು. ಹಾಡುವವರು, ಚಿತ್ರ ಬರೆಯುವವರು ಬಂದರು. ಅಂದಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ: "ಯಾಕೆ, ಗಣಿತ ಸಾಲಲಿಲ್ವಾ?"

ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆಗಿಂತ ಆ "ಸಾಲಲಿಲ್ವಾ" ಅನ್ನೋ ಮಾತೇ ನನಗೆ ಚುಚ್ಚುತ್ತದೆ. ನಮ್ಮ ಹತ್ತಿರ ಲೆಕ್ಕಗಳೆಲ್ಲ ಮುಗಿದುಹೋಗಿ, ಜನ ಸೇರಿಸೋಕೆ ಹಾಡು ಕುಣಿತ ಇಟ್ಟುಕೊಂಡೆವು ಅನ್ನುವ ಹಾಗೆ. ಸ್ವಲ್ಪ ಮೆತ್ತಗೆ ಕೇಳುವವರು "ಗಣಿತ ತೆಳುವಾಗಲ್ವಾ?" ಅನ್ನುತ್ತಾರೆ, ಹಾಲಿಗೆ ನೀರು ಬೆರೆಸಿದಂತೆ. ಇದರಲ್ಲಿ ನೀರು ಯಾರು? ಇಪ್ಪತ್ತು ವರ್ಷ ಶ್ರುತಿ ಹಿಡಿದು ಕೂತವರಾ? ಹೀಗೆ ಕೇಳುವವರು ಒಂದು ಸಲವೂ ನಮ್ಮ ಜೊತೆ ಬಂದು ಕೂತಿಲ್ಲ.

ಬಂದಿದ್ದರೆ ಆ ಶನಿವಾರ ನೋಡುತ್ತಿದ್ದರು.

ಹಾಡುವ ಒಬ್ಬರು ಹೊಸದಾಗಿ ಸೇರಿದ್ದರು. ಎರಡು ವಾರ ಮಾತೇ ಆಡಿರಲಿಲ್ಲ. ಮೂರನೇ ವಾರ "ನನಗೊಂದು ಅನುಮಾನ ಇದೆ, ತುಂಬಾ ವರ್ಷದ್ದು" ಎಂದರು. ಒಂದು ಸ ಹಿಡಿದು ಅದರ ಪ ಹಾಡಿದರು. ಆ ಪ ಅನ್ನೇ ಸ ಮಾಡಿಕೊಂಡು ಮತ್ತೆ ಅದರ ಪ. ಹೀಗೆ ಹನ್ನೆರಡು ಸಲ ಹತ್ತುತ್ತಾ, ಸ್ವರ ತುಂಬಾ ಮೇಲೆ ಹೋದಾಗೆಲ್ಲ ಒಂದು ಸ್ಥಾಯಿ ಕೆಳಗಿಳಿಸುತ್ತಾ ಬಂದರೆ ಹೊರಟ ಸ ಗೇ ವಾಪಸ್ ಬರಬೇಕು. "ಬರಲ್ಲ. ಕೂದಲೆಳೆಯಷ್ಟು ಮೇಲಿರುತ್ತೆ. ಎಷ್ಟು ಶುದ್ಧವಾಗಿ ಹಿಡಿದರೂ ಅಷ್ಟೇ. ನನ್ನ ಕಿವಿ ಸರಿ ಇಲ್ವಾ?"

ನಾವ್ಯಾರೂ ಮಾತಾಡಲಿಲ್ಲ. ನಮಗೆ ಸ ಪ ಗೊತ್ತಿಲ್ಲ. "ಪ ಅಂದ್ರೆ ಕಂಪನ ಎಷ್ಟು ಪಟ್ಟು?" ಅಂತ ಒಬ್ಬರು ಕೇಳಿದರು. ಒಂದೂವರೆ ಪಟ್ಟು. "ಒಂದು ಸ್ಥಾಯಿ ಮೇಲಿನ ಸ?" ಎರಡು ಪಟ್ಟು. ಅಷ್ಟು ಗೊತ್ತಾದ ಮೇಲೆ ಉಳಿದದ್ದು ಬರೀ ಗುಣಾಕಾರ. ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದರೆ 129.746. ಕೆಳಗಿಳಿಸಿದ್ದು ಏಳು ಸ್ಥಾಯಿ, ಅಂದ್ರೆ ಎರಡನ್ನು ಏಳು ಸಲ ಗುಣಿಸಿದರೆ 128. ಸೇರುವುದಿಲ್ಲ. ಹನ್ನೆರಡರ ಬದಲು ನೂರು ಸಲ, ಸಾವಿರ ಸಲ ಹತ್ತಿದರೂ ಸೇರುವುದಿಲ್ಲ, ಯಾಕಂದ್ರೆ ಒಂದೂವರೆ ಅಂದ್ರೆ 3/2, ಅದು ಸೇರಬೇಕಾದರೆ ಮೂರರ ಒಂದು ಘಾತ ಎರಡರ ಒಂದು ಘಾತಕ್ಕೆ ಸಮ ಆಗಬೇಕು. ಮೂರನ್ನು ಎಷ್ಟು ಸಲ ಗುಣಿಸಿದರೂ ಬೆಸ ಸಂಖ್ಯೆ, ಎರಡನ್ನು ಎಷ್ಟು ಸಲ ಗುಣಿಸಿದರೂ ಸಮ ಸಂಖ್ಯೆ. ಮುಗೀತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದ್ರೆ ನನ್ನ ಕಿವಿ ಸರಿಯಾಗೇ ಇದೆ" ಎಂದರು.

ಸರಿ ಇಲ್ಲದ್ದು ನಮ್ಮ ಕಿವಿ. ಈ ಬೆಸ-ಸಮದ ಸಾಧನೆಯನ್ನು ನಾನೇ ಹತ್ತಾರು ಸಲ ಬರೆದಿದ್ದೇನೆ, ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಅದು ಕಿವಿಗೆ ಕೇಳಿಸುವ ಸಂಗತಿ ಅಂತ ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ಸಲ ಹಾಡಿ ಅಂತ ಕೇಳಿಕೊಂಡೆ. ಹಾಡಿದರು. ಕೊನೆಯ ಸ ಹೊರಟ ಸ ದ ಪಕ್ಕದಲ್ಲಿ ನಿಂತಾಗ ಎರಡರ ನಡುವೆ ಒಂದು ನಡುಕ ಕೇಳಿಸಿತು. 129.746ಕ್ಕೂ 128ಕ್ಕೂ ಇರುವ ಅಂತರ ಅದು. ಕೀಬೋರ್ಡಿನಲ್ಲಿ ಈ ಅಂತರವನ್ನು ಹನ್ನೆರಡು ಮನೆಗೂ ಹಂಚಿಬಿಡುತ್ತಾರೆ. ಅಲ್ಲಿ ಪ 1.5 ಅಲ್ಲ, 1.4983. ಅದಕ್ಕೇ ಅದರ ಪ ನನಗೆ ಯಾವತ್ತೂ ಹಿಡಿಸಿಲ್ಲ ಅಂತ ಅವರು ಹೇಳಿದರು.

ಇದರಲ್ಲಿ ಗಣಿತ ಎಲ್ಲಿ ತೆಳುವಾಯಿತು ಹೇಳಿ.

ಮತ್ತೆ ಇದು ನಾವು ಕಂಡುಹಿಡಿದ ಹೊಸ ದಾರಿಯೂ ಅಲ್ಲ. 1908ರಲ್ಲಿ ಜೀವಶಾಸ್ತ್ರದ ಪನ್ನೆಟ್, ತಮ್ಮ ಕ್ರಿಕೆಟ್ ಜೊತೆಗಾರ, ಗಣಿತದ ಹಾರ್ಡಿಯ ಮುಂದೆ ಒಂದು ತೊಡಕು ಇಟ್ಟರು: ಪ್ರಬಲ ಗುಣ (ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದರೂ ಮಗುವಿನಲ್ಲಿ ಕಾಣಿಸುವ ಗುಣ) ಅನ್ನುವುದು ತಲೆಮಾರಿನಿಂದ ತಲೆಮಾರಿಗೆ ಹರಡಿ ಕೊನೆಗೆ ಎಲ್ಲರಲ್ಲೂ ಯಾಕೆ ಬಂದುಬಿಡಲ್ಲ? ಹಾರ್ಡಿ ಕೊಟ್ಟ ಉತ್ತರದಲ್ಲಿದ್ದದ್ದು ಶಾಲೆಯ ಮಕ್ಕಳು ಮಾಡುವಂಥ ಬೀಜಗಣಿತ. ಅದೇ ವರ್ಷ ಜರ್ಮನಿಯಲ್ಲಿ ವೈನ್‌ಬರ್ಗ್ ಕೂಡ ಅದನ್ನೇ ತೋರಿಸಿದ್ದರು. ಇವತ್ತಿಗೂ ಇಡೀ ಜನಸಮೂಹದ ತಳಿಶಾಸ್ತ್ರ ಓದುವವರು ಅಲ್ಲಿಂದಲೇ ಶುರು ಮಾಡುತ್ತಾರೆ. ಗೆಳೆಯ ಕೇಳದೇ ಇದ್ದಿದ್ದರೆ ಹಾರ್ಡಿ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ.

"ಬಂದವರಿಗೆ ಗಣಿತದ ತಳಪಾಯ ಇರಲ್ವಲ್ಲ" ಅನ್ನುವವರೂ ಇದ್ದಾರೆ. ಮಾರ್ಜೊರಿ ರೈಸ್ ಹೈಸ್ಕೂಲಿಗಿಂತ ಮುಂದೆ ಗಣಿತ ಓದಿದವರಲ್ಲ, ಗೃಹಿಣಿ. ಸಂದಿಲ್ಲದೆ ನೆಲ ಮುಚ್ಚುವ ಐದು ಮೂಲೆಯ ಹಂಚುಗಳ ಬಗ್ಗೆ 1975ರಲ್ಲಿ ಪತ್ರಿಕೆಯೊಂದರಲ್ಲಿ ಓದಿ, ಗಣಿತದವರ ಗುರುತುಗಳು ಗೊತ್ತಿಲ್ಲದ್ದಕ್ಕೆ ತಮ್ಮದೇ ಗುರುತು ಮಾಡಿಕೊಂಡು, ಯಾರಿಗೂ ಕಾಣದ ನಾಲ್ಕು ಹೊಸ ಬಗೆ ಹುಡುಕಿದರು. ಇಷ್ಟು ಸಾಕು ಅನ್ನಿಸುತ್ತೆ.

ಯಾರೂ ಕೇಳದ ಪ್ರಶ್ನೆ ಒಂದಿದೆ. ಬೇರೆಯವರು ಬಂದ ಮೇಲೆ ಗಣಿತದವರು ಏನು ಬಿಡಬೇಕಾಯ್ತು? ಇದನ್ನು ಕೇಳಿದರೆ ರಾತ್ರಿಯೆಲ್ಲಾ ಹೇಳುತ್ತೇನೆ.

ನಾನು ವರ್ಷಗಟ್ಟಲೆ ನಾಟಿಲಸ್ ಅನ್ನುವ ಸಮುದ್ರಜೀವಿಯ ಚಿಪ್ಪಿನ ಚಿತ್ರ ತೋರಿಸಿ "ನೋಡಿ, ಇದೇ ಸುವರ್ಣ ಅನುಪಾತ, ಸುಮಾರು 1.618" ಅಂತ ಹೇಳಿಕೊಂಡು ಬಂದವನು. ಜೀವಶಾಸ್ತ್ರ ಓದಿದ ಹುಡುಗಿ ಒಬ್ಬಳು "ಸರ್, ನೀವು ಅಳೆದಿದ್ದೀರಾ?" ಅಂದಳು. ಅಳೆದಿರಲಿಲ್ಲ. ನಡುವೆ ಸೀಳಿದ ಚಿಪ್ಪಿನ ಚಿತ್ರ ಇಟ್ಟುಕೊಂಡು ಇಬ್ಬರೂ ಸ್ಕೇಲ್ ಹಿಡಿದು ಕೂತೆವು. ಕಾಲು ಸುತ್ತಿಗೊಮ್ಮೆ ಈ ಅನುಪಾತದಷ್ಟು ದೊಡ್ಡದಾಗುವ ಸುವರ್ಣ ಸುರುಳಿ ಒಂದು ಸುತ್ತಿಗೆ ಸುಮಾರು 6.85 ಪಟ್ಟು ಬೆಳೆಯಬೇಕು. ಚಿಪ್ಪು ಬೆಳೆದದ್ದು ಮೂರು ಪಟ್ಟಿನ ಆಸುಪಾಸು. ಸುರುಳಿ ನಿಜ, ಅಂದ ನಿಜ, ನಾನು ಹೇಳುತ್ತಿದ್ದ ಸಂಖ್ಯೆ ಸುಳ್ಳು. ಅವತ್ತಿನಿಂದ ನಮ್ಮಲ್ಲಿ ಅಳೆಯದೆ ಯಾರೂ ಪ್ರಕೃತಿಯ ಮಾತು ಎತ್ತುವ ಹಾಗಿಲ್ಲ. "ಇದು ಗೊತ್ತಿರೋದೇ ಅಲ್ವಾ" ಅನ್ನುವ ಮಾತನ್ನೂ ಬಿಟ್ಟೆವು. ಅದನ್ನು ಬಿಡೋದು ನನಗೆ ತುಂಬಾ ಕಷ್ಟವಾಯಿತು.

ಹಾಡುವವರ ಪ್ರಶ್ನೆ ಇನ್ನೂ ಮುಗಿದಿಲ್ಲ. "ಸೇರಲ್ಲ ಸರಿ, ಎಷ್ಟು ಸಲ ಹತ್ತಿದರೆ ತೀರಾ ಹತ್ತಿರ ಬರುತ್ತೆ?" ಅಂದರು. ಅದನ್ನು ಬೆನ್ನಟ್ಟಿ ಸತತ ಭಿನ್ನರಾಶಿಯೊಳಗೆ (ಭಿನ್ನರಾಶಿಯ ಛೇದದಲ್ಲಿ ಮತ್ತೆ ಭಿನ್ನರಾಶಿ ಬರುತ್ತಾ ಹೋಗುವ ಲೆಕ್ಕ) ಒಂದು ತಿಂಗಳು ಮುಳುಗಿದ್ದೆವು. 5, 12, 41, 53, ಹೀಗೆ ಬರುತ್ತೆ. 53ರಲ್ಲಿ ಉಳಿಯುವ ಅಂತರ ಸುಮಾರು 0.2 ಶೇಕಡಾ, 12ರಲ್ಲಿ ಉಳಿಯುವುದರ ಆರನೇ ಒಂದು ಪಾಲಿಗಿಂತಲೂ ಕಮ್ಮಿ. ಅಷ್ಟು ಸಣ್ಣದು ಯಾರಿಗೂ ಕೇಳಿಸಲ್ಲ ಅಂತ ನಮ್ಮ ವಾದ. ತನಗೆ ಕೇಳಿಸುತ್ತೆ ಅಂತ ಅವರ ವಾದ. ಸ್ವರಗಳನ್ನು ಕಂಪ್ಯೂಟರಿನಲ್ಲಿ ತಯಾರು ಮಾಡಿದ್ದಾಗಿದೆ. ಚಿಪ್ಪು ಅಳೆಸಿದ ಹುಡುಗಿಯೇ ಪರೀಕ್ಷೆಯ ಕ್ರಮ ಹಾಕಿದ್ದಾಳೆ: ಎರಡು ಸ್ವರ ಒಂದರ ಹಿಂದೆ ಒಂದು, ಯಾವುದು ಮೇಲೆ ಅಂತ ಹೇಳಬೇಕು, ಇಪ್ಪತ್ತು ಸಲ, ಮೊದಲು ಯಾವುದು ಬರುತ್ತೆ ಅಂತ ನುಡಿಸುವವರಿಗೂ ಗೊತ್ತಿರಬಾರದು. ಸುಮ್ನೆ ಊಹೆ ಮಾಡಿದರೆ 15 ಅಥವಾ ಜಾಸ್ತಿ ಸರಿ ಬರುವುದು ನೂರಕ್ಕೆ ಎರಡು ಸಲ ಮಾತ್ರ. ಹಾಗಾಗಿ 15 ಬಂದರೆ ನಾವು ಒಪ್ಪಿಕೊಳ್ಳುತ್ತೇವೆ ಅಂತ ಮೊದಲೇ ಬರೆದಿಟ್ಟಿದ್ದೇವೆ.

ಪರೀಕ್ಷೆ ಬರುವ ಶನಿವಾರ. "ಬರೀ 15 ಸಾಕಾ? ನಾನು ಇಪ್ಪತ್ತಕ್ಕೆ ಕೂತಿದ್ದೀನಿ" ಅಂತ ನಿನ್ನೆ ಹೇಳಿದರು.