ಈ ಸಲದ ಫೇಸ್ ಪೇಂಟಿಂಗ್ ಚಾರ್ಟ್: ಹುಲಿ, ಚಿಟ್ಟಿ, ನೀಲಕಂಠ

ಜುಲೈ ಕೊನೆ

ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಈ ವರ್ಷವೂ ಫೇಸ್ ಪೇಂಟಿಂಗ್ ಟೇಬಲ್ ನನ್ನದೇ. ಹೋದ ಸಲ ಬಂದ ಮಕ್ಕಳೆಲ್ಲ ಕೇಳಿದ್ದು ಸ್ಪೈಡರ್‌ಮ್ಯಾನ್, ಯುನಿಕಾರ್ನ್, ಇಲ್ಲಾ ಗುಲಾಬಿ ಚಿಟ್ಟೆ. ಚಾರ್ಟಿನಲ್ಲಿ ಇರೋದನ್ನೇ ತಾನೆ ಅವರು ಕೇಳೋದು? ಅದಕ್ಕೇ ಈ ಸಲ ಚಾರ್ಟೇ ಹೊಸದು. ನೆಟ್‌ನಲ್ಲಿ ಸಿಗುವ ಫೇಸ್ ಪೇಂಟ್ ಫೋಟೋಗಳನ್ನು ನೋಡಬಾರದು ಅಂತ ಮಾಡಿದ್ದೇನೆ. ಅವು ಯಾರೋ ಆಗಲೇ ಯೋಚಿಸಿ ಮುಗಿಸಿದ ಚಿತ್ರಗಳು, ನೋಡಿದರೆ ಕೈ ತಾನಾಗೇ ಆ ಕಡೆ ಹೋಗುತ್ತೆ. ನಮ್ಮ ಸುತ್ತಮುತ್ತ ಬಣ್ಣ ಎಲ್ಲೆಲ್ಲಿದೆಯೋ ಅಲ್ಲಿಗೇ ಹೋಗಿ ಹುಡುಕಬೇಕು.

ಷರತ್ತು ಒಂದೇ. ಐದು ನಿಮಿಷದಲ್ಲಿ ಮುಗಿಯಬೇಕು. ಅದಕ್ಕಿಂತ ಜಾಸ್ತಿ ಹೊತ್ತು ಯಾವ ಮಗುವೂ ಅಲ್ಲಾಡದೆ ಕೂರಲ್ಲ.

ವಿಟ್ಲಪಿಂಡಿ ಆದಮೇಲೆ

ಉಡುಪಿಗೆ ಹೋಗಿದ್ದೆ. ಕೃಷ್ಣಾಷ್ಟಮಿಯ ಮಾರನೇ ದಿನದ ವಿಟ್ಲಪಿಂಡಿ ಮೆರವಣಿಗೆಯಲ್ಲಿ ತಾಸೆ ವಾದ್ಯದ ಬಡಿತಕ್ಕೆ ಕುಣಿಯುವ ಹುಲಿವೇಷಗಳನ್ನು ಎಲ್ಲರೂ ನೋಡುತ್ತಾರೆ. ನನಗೆ ಬೇಕಾಗಿದ್ದು ಅದಕ್ಕೂ ಮುಂಚಿನ ಕೆಲಸ, ಬಣ್ಣ ಹಾಕುವುದು. ವೇಷಧಾರಿ ಕೈ ಚಾಚಿ, ಕೋಲಿನ ಆಸರೆ ಹಿಡಿದು ಗಂಟೆಗಟ್ಟಲೆ ನಿಂತಿರುತ್ತಾನೆ. ಮೊದಲು ತಳದ ಬಣ್ಣ, ಅದು ಒಣಗಬೇಕು, ಆಮೇಲೆ ಪಟ್ಟೆ. ಪಟ್ಟೆ ಹುಲಿಯ ಜೊತೆಗೆ ಚಿರತೆ ಇರುತ್ತೆ, ಕರಿ ಹುಲಿಯೂ ಇರುತ್ತೆ. ಕೆಲವರ ಹೊಟ್ಟೆ ಮೇಲೇ ಇನ್ನೊಂದು ಹುಲಿಮುಖ. ಹೊಟ್ಟೆ ಉಸಿರಾಡಿದಂತೆ ಅದರ ಬಾಯಿ ಹಿಗ್ಗಿ ಕುಗ್ಗುತ್ತೆ. ಮೈ ಅಲ್ಲಾಡುವುದನ್ನೇ ಚಿತ್ರಕ್ಕೆ ಬಳಸಿಕೊಳ್ಳೋದು ಅಂದ್ರೆ ಇದೇ ಅನ್ನಿಸಿತು. ನೋಟ್‌ಬುಕ್ಕಿನಲ್ಲಿ ದಪ್ಪಗೆ ಬರೆದುಕೊಂಡೆ.

ನಾನು ತುಂಬ ಹೊತ್ತು ನೋಡಿದ್ದು ಬ್ರಷ್ಷಿನ ದಾರಿ. ಪಟ್ಟೆ ಅಂಚಿನಲ್ಲಿ ದಪ್ಪವಾಗಿ ಶುರುವಾಗಿ, ಒಳಗೆ ಬರುತ್ತಾ ಸಣ್ಣಗಾಗಿ ಮುಗಿಯುತ್ತೆ. ಬ್ರಷ್ ಒತ್ತಿ ಇಟ್ಟು, ಎಳೆಯುತ್ತಾ ಎತ್ತಿಬಿಡುವುದು. ಎರಡೂ ಕಡೆ ಒಂದೇ ಅಳತೆ ಇರಬೇಕು ಅಂತ ಅವರು ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಕೆಡಿಸಿಕೊಳ್ಳಬೇಕಾಗಿಯೂ ಇಲ್ಲ. ನಿಜವಾದ ಹುಲಿಗಳಲ್ಲೂ ಒಂದರ ಪಟ್ಟೆ ಇನ್ನೊಂದಕ್ಕೆ ಇರಲ್ಲ. ಕಾಡಿನಲ್ಲಿ ಕ್ಯಾಮೆರಾ ಇಟ್ಟು ಹುಲಿ ಎಣಿಸುವಾಗ ಪಟ್ಟೆ ನೋಡಿಯೇ ಇದು ಯಾವ ಹುಲಿ ಅಂತ ಗುರುತಿಸುತ್ತಾರೆ.

ಮನೆಗೆ ಬಂದು ಹುಲಿಯ ಫೋಟೋ ಇಟ್ಟುಕೊಂಡು ಕೂತೆ. ಕಣ್ಣಿನ ಮೇಲೆ ಬಿಳಿ, ಬಾಯಿ ಸುತ್ತ ಬಿಳಿ, ಕೆನ್ನೆಯ ಅಂಚಿನಲ್ಲೂ ಬಿಳಿ. ಕೇಸರಿ ಇರುವುದು ಹಣೆ ಮತ್ತು ಮೂಗಿನ ಮೇಲೇ ಜಾಸ್ತಿ. ಮೂಗಿನ ತುದಿ ಕರಿಯಲ್ಲ, ಗುಲಾಬಿ. ಮುಖಕ್ಕೆಲ್ಲ ಕೇಸರಿ ಬಳಿಯುವುದನ್ನು ಬಿಟ್ಟು ಇದೇ ಲೆಕ್ಕದಲ್ಲಿ ಸ್ಪಂಜು ಆಡಿಸಿದರೆ ಬಣ್ಣವೂ ಉಳಿಯುತ್ತೆ, ಹುಲಿಗೆ ಗತ್ತೂ ಬರುತ್ತೆ. ಚಾರ್ಟಿನ ಮೊದಲ ಚಿತ್ರ ಇದು.

ಸೆಪ್ಟೆಂಬರ್

ಮಳೆಗಾಲದಲ್ಲಿ ಬೆಂಗಳೂರಿನಲ್ಲೂ ಯಕ್ಷಗಾನ ನಡೆಯುತ್ತಲ್ಲ, ಅಂಥ ಒಂದು ತೆಂಕುತಿಟ್ಟಿನ (ದಕ್ಷಿಣ ಕರಾವಳಿ ಶೈಲಿಯ) ಆಟಕ್ಕೆ ಬೇಗ ಹೋಗಿ, ಕೇಳಿಕೊಂಡು ವೇಷ ಕಟ್ಟುವ ಚೌಕಿಯ ಮೂಲೆಯಲ್ಲಿ ಕೂತೆ. ಬಣ್ಣದ ವೇಷದವರು, ಅಂದ್ರೆ ರಾಕ್ಷಸ ಪಾತ್ರದವರು, ಎಲ್ಲರಿಗಿಂತ ಮೊದಲೇ ಕನ್ನಡಿ ಹಿಡಿದು ಕೂತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಬಿಳಿ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಮುಖಕ್ಕೆ ಮುಟ್ಟಿಸಿ ಎತ್ತುತ್ತಾರೆ. ಎತ್ತುವಾಗ ಹಿಟ್ಟು ಸಣ್ಣ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತೆ. ಅದೇ ಚಿಟ್ಟಿ. ಒಂದರ ಪಕ್ಕ ಒಂದು, ಸಾಲು ಮುಗಿದ ಮೇಲೆ ಇನ್ನೊಂದು ಸಾಲು. ಮಾತಿಲ್ಲ, ಕತೆಯಿಲ್ಲ. ಉಬ್ಬಿ ನಿಂತಿರುವುದರಿಂದ ಬೆಳಕು ಬಿದ್ದಾಗ ಪ್ರತಿ ಚುಕ್ಕಿಗೂ ಒಂದು ಚೂರು ನೆರಳು. ರಾಕ್ಷಸ ಕೆನ್ನೆ ಕುಣಿಸಿದರೆ ಸಾಲಿಗೆ ಸಾಲೇ ಕುಣಿಯುತ್ತೆ.

ಗಂಟೆಗಟ್ಟಲೆ ಹಿಡಿಯುವ ಕೆಲಸವನ್ನು ಐದು ನಿಮಿಷಕ್ಕೆ ಇಳಿಸೋದು ಆಗದ ಮಾತು. ಅದಕ್ಕೆ ಸಾಲಿನ ನಡೆ ಮಾತ್ರ ತಗೊಂಡೆ. ಬ್ರಷ್ಷಿನ ಹಿಂದಿನ ತುದಿಯನ್ನು ಗಟ್ಟಿ ಬಿಳಿ ಬಣ್ಣದಲ್ಲಿ ಅದ್ದಿ, ಹುಬ್ಬಿನ ಮೂಲೆಯಿಂದ ಕಿವಿಯ ಕಡೆಗೆ ಚುಕ್ಕಿ ಏರಿಸುತ್ತಾ ಹೋಗುವುದು. ಶುರುವಿನಲ್ಲಿ ದೊಡ್ಡದು, ಹೋಗ್ತಾ ಹೋಗ್ತಾ ಚಿಕ್ಕದು. ಬ್ರಷ್ಷನ್ನು ಮತ್ತೆ ಅದ್ದದೇ ಇಟ್ಟರೆ ಚುಕ್ಕಿ ತಾನಾಗೇ ಚಿಕ್ಕದಾಗುತ್ತೆ. ಕೆಂಪು ತಳದ ಮೇಲೆ ಬಹಳ ಚೆಂದ.

ಬಣ್ಣದ ಬಗ್ಗೆ ಒಂದು ಮಾತು. ಹಳೆಯ ಮುಖವರ್ಣಿಕೆಯ ಹಳದಿ ಪುಡಿ ಅರದಾಳದಲ್ಲಿ ಆರ್ಸೆನಿಕ್ ಇದೆ, ಕೆಂಪು ಪುಡಿ ಇಂಗಳೀಕದಲ್ಲಿ ಪಾದರಸ ಇದೆ. ಯಕ್ಷಗಾನದ ಹಳದಿ, ಕೆಂಪು ಎಷ್ಟೇ ಇಷ್ಟವಾದರೂ ಆ ಪುಡಿಗಳನ್ನು ಮಕ್ಕಳ ಮುಖದ ಹತ್ತಿರ ತರಬೇಡಿ. ಅಕ್ರಿಲಿಕ್ ಕೂಡ ಬೇಡ, ಡಬ್ಬಿಯ ಮೇಲೆ ವಿಷವಲ್ಲ ಅಂತ ಬರೆದಿದ್ದರೂ ಅದು ಚರ್ಮಕ್ಕೆ ಅಂತ ಮಾಡಿದ್ದಲ್ಲ. ನೀರಿನಲ್ಲಿ ಕಲಸುವ ಫೇಸ್ ಪೇಂಟೇ ಸಾಕು. ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡಿ.

ಭೂತಕೋಲದ ಮುಖ ಹಾಕ್ತೀರಾ ಅಂತ ಒಬ್ಬರು ಕೇಳಿದರು. ಇಲ್ಲ. ಕರಾವಳಿಯವರಿಗೆ ಅದು ದೈವ. ಟೇಬಲ್ ಹಾಕಿಕೊಂಡು ಬರೆಯುವ ಚಿತ್ರ ಅಲ್ವೇ ಅಲ್ಲ.

ದಸರಾ ರಜೆ

ಮಲೆನಾಡಿನ ದೀವರ ಸಮುದಾಯದವರು ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರದ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಆದರೆ ಆ ಗೆರೆಗಳ ಸೊಗಸೆಲ್ಲ ನೆಟ್ಟಗಿರುವುದರಲ್ಲಿದೆ. ಕೆನ್ನೆ ಮೇಲೆ ಯಾವ ಗೆರೆಯೂ ನೆಟ್ಟಗಿರಲ್ಲ. ಮಗು ನಕ್ಕರೆ ಚಿತ್ತಾರ ಮುದುಡುತ್ತೆ. ಅದನ್ನು ಕೈಬಿಟ್ಟೆ. ಇಳಕಲ್ ಸೀರೆಯ ಸೆರಗಿನ ವಿನ್ಯಾಸ ತೋಪು ತೆನಿ ಹಣೆಯ ಮೇಲೆ ಕೂದಲಂಚಿಗೆ ಸರಿಯಾಗಿ ಕೂತಿತು. ಕೆಂಪು ಪಟ್ಟಿ, ಅದರಿಂದ ಮೇಲೇಳುವ ಬಿಳಿ ಮೊನೆಗಳು. ಕಿರೀಟ ಬೇಕು ಅನ್ನುವ ಮಕ್ಕಳಿಗೆ ಇದೇ. ಕಸೂತಿಯ ಮೆಂತಿ ಹೊಲಿಗೆ ಕೂಡ ಚೆನ್ನಾಗಿದೆ, ಆದರೆ ಅದಕ್ಕೆ ಸಣ್ಣ ಬ್ರಷ್ಷೂ ಬೇಕು, ಸುಮ್ನೆ ಕೂರುವ ಹುಡುಗಿಯೂ ಬೇಕು.

ಚಿಟ್ಟೆ ಇಲ್ಲದ ಚಾರ್ಟ್ ನಡೆಯಲ್ಲ. ಅದಕ್ಕೆ ನಮ್ಮ ರಾಜ್ಯದ ಚಿಟ್ಟೆಯನ್ನೇ ತಂದೆ, ಸದರ್ನ್ ಬರ್ಡ್‌ವಿಂಗ್. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹೊಳೆಯುವ ಹಳದಿ. ಕಪ್ಪು ಹುಬ್ಬಿನ ಮೇಲೆ ಹೋಗುತ್ತೆ, ಹಳದಿ ಕೆನ್ನೆಗೆ ಇಳಿಯುತ್ತೆ, ಮೈ ಮೂಗಿನ ಮೇಲೆ. ಎರಡೇ ಬಣ್ಣ, ಬೇಗ ಮುಗಿಯುತ್ತೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ನೀಲಕಂಠ. ನಮ್ಮ ರಾಜ್ಯದ ಹಕ್ಕಿ. ತಂತಿ ಮೇಲೆ ಕೂತಾಗ ಮಾಸಲು ಕಂದು ಹಕ್ಕಿ ಅನ್ನಿಸುತ್ತೆ. ಹಾರಿದ ಕೂಡಲೇ ರೆಕ್ಕೆಯಲ್ಲಿ ಎರಡು ಥರದ ನೀಲಿ ಫಳ್ಳನೆ ಹೊಳೆಯುತ್ತೆ. ಇದನ್ನು ಮುಖಕ್ಕೆ ತರೋದು ಹೇಗೆ? ಉಡುಪಿಯ ಹೊಟ್ಟೆ ಹುಲಿ ನೆನಪಾಯಿತು. ಕಣ್ಣ ಸುತ್ತ ತಿಳಿ ಕಂದು, ರೆಪ್ಪೆಯ ಮೇಲೆ ಮಾತ್ರ ನೀಲಿ. ಕಣ್ಣು ಬಿಟ್ಟಾಗ ಹಕ್ಕಿ ಕೂತಿರುತ್ತೆ, ಮುಚ್ಚಿದರೆ ಹಾರುತ್ತೆ. ಅಕ್ಕನ ಮಗಳ ಮೇಲೆ ಹಾಕಿ ನೋಡಿದೆ. "ಚಿಕ್ಕಮ್ಮ, ಕಣ್ಣು ಮುಚ್ಚಿದ್ರೆ ನಂಗೇ ಕಾಣಲ್ವಲ್ಲ!" ಅಂದಳು. ಪಾಯಿಂಟು ಸರಿ. ಅದಕ್ಕೇ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಕನ್ನಡಿ ನೋಡೋದನ್ನು ಹೇಳಿಕೊಟ್ಟೆ. ರೆಪ್ಪೆಯ ಅಂಚಿಗೆ ಬಣ್ಣ ತಾಗಬಾರದು, ಹಾಗಾಗಿ ಇದು ಸ್ವಲ್ಪ ದೊಡ್ಡ ಮಕ್ಕಳಿಗೆ ಮಾತ್ರ.

ಇನ್ನು ಉಳಿದಿರುವುದು ಜಂಬೂಸವಾರಿಯ ಆನೆ. ಮೈಸೂರಲ್ಲಿ ಆನೆಗಳ ಹಣೆ, ಸೊಂಡಿಲ ಮೇಲೆ ಬರೆಯುವ ಹೂಬಳ್ಳಿ ನನಗೆ ಬೇಕೇ ಬೇಕು. ಮೂಗಿನಿಂದ ಸೊಂಡಿಲು ನೇರ ಇಳಿಸಿದರೆ ಬಾಯಿ ಅಡ್ಡ ಬರುತ್ತೆ. ಪಾನಿಪೂರಿ ತಿಂದ ಕೂಡಲೇ ಅರ್ಧ ಆನೆ ಮಾಯ. ಈ ವಾರ ಸೊಂಡಿಲನ್ನು ಕೆನ್ನೆ ಕಡೆಗೆ ತಿರುಗಿಸಿ ನೋಡ್ತೀನಿ.