ಉಳಿದ ನೀರಿನ ಲೆಕ್ಕ

ಈ ವಾರ ಹೊಲವೊಂದರಲ್ಲಿ ನಡೆದ ಸ್ಮಾರ್ಟ್ ನೀರಾವರಿಯ ಪ್ರಾತ್ಯಕ್ಷಿಕೆಯಲ್ಲಿ ಕಿವಿಗೆ ಬಿದ್ದ ಪ್ರಶ್ನೆಯೊಂದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಬೇರಿನ ಆಳಕ್ಕೆ ಹೂತ ಸೆನ್ಸರ್ ಮಣ್ಣಿನ ತೇವಾಂಶವನ್ನು ಅಳೆದು, ಒಣಗಿದಾಗ ಡ್ರಿಪ್ ವಾಲ್ವನ್ನು ತೆರೆಸುವುದನ್ನೂ ತೇವ ಸಾಕಾದೊಡನೆ ಮುಚ್ಚಿಸುವುದನ್ನೂ ಮೊಬೈಲಿನಲ್ಲಿ ತೋರಿಸುತ್ತಿದ್ದ ತರುಣ, ಇದರಿಂದ ಬೇಕಾದಷ್ಟು ನೀರು ಉಳಿಯುತ್ತದೆ ಎಂದ. ಬದುವಿನ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರು, “ಉಳಿದ ನೀರು ಯಾರಿಗೆ, ಮಗಾ?” ಎಂದು ಕೇಳಿದರು.

“ನಿಮಗೇ ಅಜ್ಜಿ, ಇನ್ನಷ್ಟು ಹೊಲಕ್ಕೆ ಬಿಡಬಹುದು.”

“ಹಾಗಾದರೆ ಉಳಿಯಲಿಲ್ಲವಲ್ಲ!”

ನೆರೆದವರು ನಕ್ಕರು. ಫೋಟೋ ತೆಗೆಸಿಕೊಳ್ಳುವುದರಲ್ಲೇ ಮಗ್ನರಾಗಿದ್ದ ಆಯೋಜಕರು ಚಪ್ಪಾಳೆ ತಟ್ಟಿ ಮಾತು ಮುಗಿಸಿದರು. ಅವರಿಗೆ ಆ ಪ್ರಶ್ನೆ ಕೇಳಿಸಿತೋ ಇಲ್ಲವೋ ಅನುಮಾನ.

ತರುಣನಿಗೆ ಕೆಲಸ ಗೊತ್ತಿತ್ತು, ಅದನ್ನು ಹೇಳಲೇಬೇಕು. ಜೇಡಿಮಣ್ಣು ಒಣಗಿ ಬಿರಿದಿದ್ದ ಕಡೆ ಒಂದು ಸೆನ್ಸರನ್ನು ಕಿತ್ತು, ಅದರ ಪಕ್ಕದಲ್ಲಿದ್ದ ಕಡ್ಡಿ ತೂರುವಷ್ಟು ಸಂದನ್ನು ತೋರಿಸಿದ. ಇಂಥ ಸೆನ್ಸರ್ ನೀರನ್ನು ನೇರವಾಗಿ ಅಳೆಯುವುದಿಲ್ಲ. ಸುತ್ತಲಿನ ವಸ್ತುವಿನ ವಿದ್ಯುತ್ ಗುಣವನ್ನು ಅಳೆಯುತ್ತದೆ. ಆ ಗುಣದ ಅಂಕಿ ನೀರಿಗೆ ಸುಮಾರು 80, ಗಾಳಿಗೆ 1. ಸಂದಿನಲ್ಲಿ ಗಾಳಿ ಹೊಕ್ಕರೆ ಒದ್ದೆ ಮಣ್ಣೂ ಒಣಗಿದಂತೆ ಕಾಣುತ್ತದೆ, ವಾಲ್ವ್ ಸುಮ್ಮನೆ ತೆರೆದುಕೊಳ್ಳುತ್ತದೆ. ಮರಳುಮಣ್ಣಿನಲ್ಲಿ ಧಾರಾಳವೆನಿಸುವ ತೇವಾಂಶದಲ್ಲೇ ಜೇಡಿಮಣ್ಣಿನ ಗಿಡ ಬಾಡಬಹುದು, ಆದ್ದರಿಂದ ಮಣ್ಣಿಗೆ ತಕ್ಕಂತೆ ಅಳತೆಯನ್ನು ಹೊಂದಿಸಲೇಬೇಕು ಎಂದೂ ವಿವರಿಸಿದ. ಇಷ್ಟು ಸೂಕ್ಷ್ಮವಾಗಿ ಯೋಚಿಸುವವನಿಗೂ ಅಜ್ಜಿಯ ಪ್ರಶ್ನೆ ಮಾತ್ರ ತನ್ನ ಕೆಲಸದ ಹೊರಗಿನದೆನಿಸಿತ್ತು.

ಆದರೆ ಅವರು ಕೇಳಿದ್ದು ಕೆಲಸದ ಒಳಗಿನದೇ. ಜಗತ್ತಿನಲ್ಲಿ ಮನುಷ್ಯರು ನದಿ, ಕೆರೆ, ಅಂತರ್ಜಲಗಳಿಂದ ತೆಗೆಯುವ ಸಿಹಿನೀರಿನಲ್ಲಿ ಸುಮಾರು ಶೇ. 70ರಷ್ಟು ಕೃಷಿಗೇ ಹೋಗುತ್ತದೆ. ಹಾಯಿ ನೀರಾವರಿಯಲ್ಲಿ ‘ವ್ಯರ್ಥ’ವೆಂದು ನಾವು ಬೈಯುವ ನೀರಿನಲ್ಲಿ ಒಂದು ಪಾಲು ಇಂಗಿ ಮತ್ತೆ ಅಂತರ್ಜಲವನ್ನು ಸೇರುತ್ತದೆ. ಡ್ರಿಪ್ ಹಾಕಿ ಆ ಪಾಲನ್ನು ತಡೆದು, ಉಳಿಸಿದ್ದನ್ನು ಹೊಸ ಹೊಲಕ್ಕೆ ಹರಿಸಿದರೆ, ಪ್ರತಿಯೊಬ್ಬ ರೈತನ ಮೊಬೈಲಿನಲ್ಲೂ ಉಳಿತಾಯ ಕಾಣುತ್ತಿರುವಾಗಲೇ ಊರಿನ ಕೊಳವೆಬಾವಿಗಳು ಇನ್ನೂ ಬೇಗ ಬತ್ತಬಹುದು. ಹೊಲಕ್ಕೆ ಬದುವಿದೆ, ಅಂತರ್ಜಲಕ್ಕಿಲ್ಲ. ಹಾಗಾದರೆ ಉಳಿಯಲಿಲ್ಲವಲ್ಲ!

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರ ಪಿಎಚ್‌ಡಿ ಅಧ್ಯಯನವೂ ಅಂತರ್ಜಲವನ್ನೇ ಕುರಿತದ್ದು. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಅತಿಯಾಗಿ ನೀರೆತ್ತಿದ್ದರಿಂದ ಬಾವಿಗಳಿಗೆ ಸಮುದ್ರದ ಉಪ್ಪುನೀರು ನುಗ್ಗತೊಡಗಿದಾಗ, ನೀರೆತ್ತುವವರೇ ಕೂಡಿ, ನ್ಯಾಯಾಲಯದ ನೆರವಿನಿಂದ ಮಿತಿ ಹಾಕಿಕೊಂಡರು. ಯಾರು ಎಷ್ಟು ಎತ್ತಿದರೆಂಬ ಲೆಕ್ಕ ಎಲ್ಲರಿಗೂ ಸಿಗುವಂತಿದ್ದದ್ದೇ ಆ ಒಪ್ಪಂದದ ಜೀವಾಳ. ಅಂದಿಗೆ ಹೋಲಿಸಿದರೆ ಇಂದು ನೀರಿನ ಮಟ್ಟ ಅಳೆಯುವ ಸೆನ್ಸರನ್ನು ಕೊಳವೆಬಾವಿಗೆ ಇಳಿಬಿಡುವುದು ಎಷ್ಟೋ ಸುಲಭ. ಆದರೂ ಗ್ರಾಮಾಭಿವೃದ್ಧಿಯ ಹೆಸರಿನಲ್ಲಿ ಬಂದಿದ್ದ ಆ ಆ್ಯಪಿನಲ್ಲಿ ಊರಿನದೆನ್ನುವ ಒಂದು ಪುಟವೂ ಇರಲಿಲ್ಲ. ಇದ್ದದ್ದೆಲ್ಲ ‘ನನ್ನ ಹೊಲ’, ‘ನನ್ನ ಪಂಪು’, ‘ನನ್ನ ಉಳಿತಾಯ’. ಪ್ರಾತ್ಯಕ್ಷಿಕೆ ನಡೆದ ಹೊಲದ ಮಾಲೀಕರಂತೂ ಪಾಳು ಬಿಟ್ಟಿದ್ದ ಪಕ್ಕದ ಹೊಲಕ್ಕೂ ಪೈಪಿನ ಅಳತೆ ತೆಗೆಸಲು ಅಂದೇ ಹೇಳಿಬಿಟ್ಟರು.