ನಳಿಗೆ ಬೇಡವೆಂದ ಅಪ್ಪ, ಒಪ್ಪದ ವೈದ್ಯರು

ಸಾಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತರಾದ ನನ್ನ ಅಪ್ಪ ಐವತ್ತು ದಾಟುವವರೆಗೂ ಬೀಡಿ ಸೇದುತ್ತಿದ್ದರು. ವೈದ್ಯರು ಸಿಒಪಿಡಿ ಎಂದು ಕರೆಯುವ ಶ್ವಾಸಕೋಶದ ಕಾಯಿಲೆ ಎಪ್ಪತ್ತರ ನಂತರ ಅವರನ್ನು ಹಿಡಿದುಕೊಂಡು, ಕೊನೆಗೆ ಮನೆಯಲ್ಲೇ ಆಮ್ಲಜನಕದ ಯಂತ್ರ ಇಟ್ಟುಕೊಳ್ಳುವ ಹಂತಕ್ಕೆ ತಂದಿತ್ತು. 2025ರ ಮಾರ್ಚ್‌ನಲ್ಲಿ ಜ್ವರ ಬಂದು, ಕಫ ಹಸಿರಾಗಿ, ಅವರು ದಿನವಿಡೀ ತೂಕಡಿಸತೊಡಗಿದಾಗ ಅಣ್ಣ ಅವರನ್ನು ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ. ನಾನು ಬೆಂಗಳೂರಿನಿಂದ ರಾತ್ರಿಯ ರೈಲು ಹಿಡಿದು ಬೆಳಿಗ್ಗೆ ತಲುಪುವಷ್ಟರಲ್ಲಿ, ಮೂಗು ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಿ ಗಾಳಿಯನ್ನು ಒತ್ತಿ ತಳ್ಳುವ ಬೈಪ್ಯಾಪ್ ಮಾಸ್ಕ್ ಅವರ ಮುಖದ ಮೇಲಿತ್ತು. ವೈದ್ಯರು ಐಸಿಯುವಿನ ಬಾಗಿಲ ಹೊರಗೆ ನಮ್ಮನ್ನು ಕರೆದು, ಮಾಸ್ಕ್ ಸಾಲದೆ ಹೋದರೆ ಬಾಯಿಯ ಮೂಲಕ ನಳಿಗೆ ಹಾಕಿ ವೆಂಟಿಲೇಟರಿಗೆ ಸೇರಿಸಬೇಕಾಗುತ್ತದೆ, ಅದಕ್ಕೆ ಈಗಲೇ ಸಹಿ ಮಾಡಿಡಿ ಎಂದರು.

ನಾನು ಸಹಿ ಮಾಡಲಿಲ್ಲ. ಅಪ್ಪ 2015ರಲ್ಲಿ ತಮ್ಮ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟ ನಾಲ್ಕು ಸಾಲು ನನಗೆ ಗೊತ್ತಿತ್ತು. ಆ ವರ್ಷದ ಮೇ ತಿಂಗಳಲ್ಲಿ ಅರುಣಾ ಶಾನಭಾಗ ತೀರಿಕೊಂಡಿದ್ದರು. ನಮ್ಮ ಘಟ್ಟದ ಕೆಳಗಿನ ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಆಕೆ, 1973ರಲ್ಲಿ ನಡೆದ ಹಲ್ಲೆಯ ನಂತರ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ನಲವತ್ತೊಂದು ವರ್ಷಕ್ಕೂ ಮಿಕ್ಕಿ ಕಳೆದವರು. ಆ ಸುದ್ದಿ ಓದಿದ ದಿನವೇ ಅಪ್ಪ, ತಾನಾಗಿ ಉಸಿರಾಡಲಾಗದ ಸ್ಥಿತಿ ಬಂದರೆ ತನ್ನನ್ನು ಯಂತ್ರಕ್ಕೆ ಕಟ್ಟಬಾರದೆಂದು ಬರೆದು, ಕೆಳಗೆ ಸಹಿ ಹಾಕಿ, ತಾರೀಖು ನಮೂದಿಸಿದ್ದರು.

ವೈದ್ಯರಿಗೆ ನಾನು ಆ ಹಾಳೆಯ ಫೋಟೊ ತೋರಿಸಿದೆ. ಅವರು ಓದಿ, ಫೋನನ್ನು ಹಿಂತಿರುಗಿಸಿ, ಇದಕ್ಕೆ ಸಾಕ್ಷಿಗಳಿಲ್ಲ, ನೋಟರಿಯ ಮುದ್ರೆಯಿಲ್ಲ, ಕಾನೂನಿನ ದೃಷ್ಟಿಯಲ್ಲಿ ಇದು ಮುಂಗಡ ನಿರ್ದೇಶನವಾಗುವುದಿಲ್ಲ ಎಂದರು. ಅವರು ಹೇಳಿದ್ದು ಸರಿ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಇಂಥ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟು, ಮ್ಯಾಜಿಸ್ಟ್ರೇಟರ ಮೇಲುಸಹಿ ಬೇಕೆಂಬ ತೊಡಕಿನ ಷರತ್ತನ್ನು 2023ರ ಜನವರಿಯಲ್ಲಿ ಕೈಬಿಟ್ಟಿದ್ದರೂ, ಇಬ್ಬರು ಸಾಕ್ಷಿಗಳು ಹಾಗೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇರಲೇಬೇಕೆಂದು ಹೇಳಿದೆ.

ಈ ವೈದ್ಯರನ್ನು ನಾನು ಹಠಮಾರಿಯೆಂದೋ ಹಣದಾಸೆಯವರೆಂದೋ ಚಿತ್ರಿಸಿದರೆ ಅದು ಅನ್ಯಾಯವಾಗುತ್ತದೆ. ಅವರ ವಾದದಲ್ಲಿ ಹುರುಳಿತ್ತು. ಇದು ಕ್ಯಾನ್ಸರಿನ ಕೊನೆಯ ಹಂತವಲ್ಲ, ಆ್ಯಂಟಿಬಯಾಟಿಕ್‌ಗೆ ಬಗ್ಗಬಹುದಾದ ಸೋಂಕು. ಸೋಂಕು ಇಳಿಯುವ ತನಕ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡುವುದಷ್ಟೇ ನಳಿಗೆಯ ಕೆಲಸ. ಇಂಥವರು ಗುಣವಾಗಿ ನಡೆದುಕೊಂಡು ಮನೆಗೆ ಹೋದದ್ದನ್ನು ನಾನೇ ನೋಡಿದ್ದೇನೆ ಎಂದು ಅವರು ಹೇಳಿದಾಗ ಅಣ್ಣನ ಮುಖ ಅರಳಿತು. ಅಪ್ಪನನ್ನು ಸ್ನಾನದ ಮನೆಗೆ ನಡೆಸಿಕೊಂಡು ಹೋಗಿ, ಗಂಜಿ ಕುಡಿಸಿ, ಕರೆಂಟು ಹೋದ ರಾತ್ರಿಗಳಲ್ಲಿ ಸಿಲಿಂಡರಿನ ಪಕ್ಕ ಕುಳಿತವನು ಅವನು. "ನೀನು ಬೆಂಗಳೂರಿಂದ ಬಂದು ಒಂದು ಹಾಳೆ ತೋರಿಸ್ತೀಯ, ದಿನಾ ನೋಡ್ಕೊಂಡವನು ನಾನು" ಎಂದು ಅವನು ಎಲ್ಲರೆದುರೇ ಅಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದರೆ "ಹಾಕಿ ನೋಡೋಣ, ಆಗದಿದ್ದರೆ ತೆಗೆದರಾಯಿತು" ಎಂಬ ವೈದ್ಯರ ಮಾತನ್ನು ಮಾತ್ರ ನಾನು ಒಪ್ಪಲಿಲ್ಲ. ಒಮ್ಮೆ ಹಾಕಿದ ಮೇಲೆ, ರೋಗಿಗೆ ಪ್ರಜ್ಞೆಯಿಲ್ಲದಾಗ ಅದನ್ನು ತೆಗೆಯಲು ಆಸ್ಪತ್ರೆಯ ಪ್ರಾಥಮಿಕ ವೈದ್ಯ ಮಂಡಳಿ ಒಪ್ಪಬೇಕು, ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೆಯ ಮಂಡಳಿ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿದ್ದು 2025ರ ಜನವರಿ 30ರಂದು, ನಾವು ಆ ಬಾಗಿಲಲ್ಲಿ ನಿಲ್ಲುವುದಕ್ಕೆ ಕೆಲವೇ ವಾರಗಳ ಹಿಂದೆ. ನಿಮ್ಮಲ್ಲಿ ಆ ಮಂಡಳಿ ಇದೆಯೇ ಎಂದು ಕೇಳಿದೆ. "ಇನ್ನೂ ಆಗಿಲ್ಲ ಮೇಡಂ" ಎಂದು ಅವರು ನೇರವಾಗಿಯೇ ಹೇಳಿದರು. ಹಾಗಾದರೆ ನಳಿಗೆ ತೆಗೆಯುವುದು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗೆ, ನಾಳೆ ನಿಮ್ಮ ಮನೆಯವರೇ ಯಾರಾದರೂ ಕೇಸು ಹಾಕಿದರೆ ನಿಲ್ಲಬೇಕಾದವನು ನಾನು ಎಂದರು. ಅವರ ಭಯವೂ ಸುಳ್ಳಾಗಿರಲಿಲ್ಲ; ಅಣ್ಣ ಪಕ್ಕದಲ್ಲೇ ನಿಂತಿದ್ದ.

ನಳಿಗೆ ಬೇಡವಾದರೆ ಸಹಿ ಹಾಕಿ ಮನೆಗೆ ಕರೆದುಕೊಂಡು ಹೋಗಬಹುದು ಎಂಬುದು ಅವರ ಮುಂದಿನ ಮಾತು. ವೈದ್ಯರ ಸಲಹೆ ಮೀರಿ ಬಿಡುಗಡೆ ಪಡೆಯುವ ಆ ಕಾಗದವನ್ನು ಆಸ್ಪತ್ರೆಯವರು ಡಾಮಾ ಎನ್ನುತ್ತಾರೆ. ನಮ್ಮಲ್ಲಿ ಎಷ್ಟೋ ಕುಟುಂಬಗಳು ಬೇಡದ ಚಿಕಿತ್ಸೆಯಿಂದ ಹೊರಬರುವುದು ಇದೊಂದೇ ದಾರಿಯಿಂದ. ಮಾಸ್ಕ್ ತೆಗೆದ ಅಪ್ಪನನ್ನು ಆ್ಯಂಬುಲೆನ್ಸಿನಲ್ಲಿ ಮಲಗಿಸಿ ಸಾಗರದವರೆಗಿನ ಎಪ್ಪತ್ತು ಕಿಲೋಮೀಟರ್ ಸಾಗಿಸುವುದೆಂದರೆ, ದಡಕ್ಕೆ ಬಿದ್ದ ಮೀನಿನಂತೆ ಅವರು ಒದ್ದಾಡುವುದನ್ನು ದಾರಿಯುದ್ದಕ್ಕೂ ನೋಡುತ್ತ ಕೂರುವುದು. ನಾನು ಕೇಳುತ್ತಿದ್ದುದು ಚಿಕಿತ್ಸೆ ಬೇಡವೆಂದಲ್ಲ. ಆ್ಯಂಟಿಬಯಾಟಿಕ್ ಮುಂದುವರಿಯಲಿ, ನೆಬ್ಯುಲೈಸರ್ ಇರಲಿ, ಅವರು ಸಹಿಸುವ ತನಕ ಮಾಸ್ಕೂ ಇರಲಿ; ಇಷ್ಟರಲ್ಲಿ ಗುಣವಾಗದಿದ್ದರೆ ಉಸಿರಿನ ಸಂಕಟಕ್ಕೆ ಔಷಧಿ ಕೊಟ್ಟು ಇಲ್ಲೇ ನೋಡಿಕೊಳ್ಳಿ ಎಂದೆ. ಹಾಗೆ ಅರ್ಧಂಬರ್ಧ ಚಿಕಿತ್ಸೆ ಮಾಡುವ ಪದ್ಧತಿ ತಮ್ಮಲ್ಲಿಲ್ಲವೆಂದು ಅವರು ಬೇಸರದಿಂದಲೇ ಹೇಳಿದರು. ಮಾತು ಅಲ್ಲಿಗೆ ನಿಂತಿತು.

ಅದನ್ನು ಮುಂದಕ್ಕೆ ತಳ್ಳಿದವರು ಅಮ್ಮ. ಬೆಂಚಿನ ಮೇಲೆ ಸೆರಗು ಹೊದ್ದು ಕುಳಿತಿದ್ದ ಅವರು, "ಎಲ್ರೂ ಹೊರಗೆ ನಿಂತು ಮಾತಾಡ್ತೀರಿ. ಅವರಿಗೆ ಇನ್ನೂ ಕಿವಿ ಕೇಳ್ತದೆ" ಎಂದರು.

ಪ್ರಜ್ಞೆಯಿರುವ ವಯಸ್ಕನೊಬ್ಬ ತನಗೆ ಇಂಥ ಚಿಕಿತ್ಸೆ ಬೇಡವೆಂದರೆ ಅದಕ್ಕೆ ಮಂಡಳಿಯೂ ಬೇಡ, ನೋಟರಿಯೂ ಬೇಡ. ಈ ವಿಷಯದಲ್ಲಿ ವೈದ್ಯರಿಗೂ ನನಗೂ ಭಿನ್ನಾಭಿಪ್ರಾಯವಿರಲಿಲ್ಲ. ಅವರ ಆಕ್ಷೇಪ ಬೇರೆಯಿತ್ತು. ಈ ಕಾಯಿಲೆಯಲ್ಲಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ರೋಗಿ ಮಂಪರಿಗೆ ಜಾರುತ್ತಾನೆ. ಸಾಮಾನ್ಯವಾಗಿ 35ರಿಂದ 45ರೊಳಗೆ ಇರಬೇಕಾದ ಆ ಅಂಕಿ ಅಪ್ಪನಲ್ಲಿ ಎಂಬತ್ತು ದಾಟಿತ್ತು. ಮಂಪರಿನಲ್ಲಿ ತಲೆಯಾಡಿಸಿದ್ದನ್ನು ನಿರ್ಧಾರವೆಂದು ಬರೆದುಕೊಳ್ಳಲು ತಾನು ಸಿದ್ಧನಿಲ್ಲವೆಂದರು. ನ್ಯಾಯವಾದ ಮಾತು. ಕೊನೆಗೆ, ರಾತ್ರಿಯಿಡೀ ಮಾಸ್ಕ್ ಹಾಕಿ, ಬೆಳಿಗ್ಗೆ ಮತ್ತೆ ರಕ್ತ ಪರೀಕ್ಷಿಸಿ, ಎಚ್ಚರ ಸ್ಪಷ್ಟವಾಗಿದ್ದರೆ ಕೇಳೋಣ, ಅಷ್ಟರೊಳಗೆ ಪರಿಸ್ಥಿತಿ ಕೈಮೀರಿದರೆ ನಳಿಗೆ ಹಾಕುವುದೇ ಎಂಬ ಒಪ್ಪಂದಕ್ಕೆ ಬಂದೆವು. ಆ ಕೊನೆಯ ಷರತ್ತಿಗೆ ನಾನು ಒಪ್ಪಿದ್ದು ಅಣ್ಣನಿಗಾಗಿ.

ಬೆಳಿಗ್ಗೆ ಅಂಕಿ ಅರವತ್ತರ ಹತ್ತಿರಕ್ಕೆ ಇಳಿದಿತ್ತು. ಅಪ್ಪ ಕಣ್ಣು ಬಿಟ್ಟು, ಇದು ಯಾವ ಊರು, ಇಂದು ಯಾವ ವಾರವೆಂದು ಕೇಳಿದ್ದಕ್ಕೆ ಸರಿಯಾಗಿ ಹೇಳಿದರು. ವೈದ್ಯರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, "ಮೇಷ್ಟ್ರೇ, ಉಸಿರಾಟ ಇನ್ನೂ ಕಷ್ಟ ಆದ್ರೆ ಬಾಯಿಂದ ನಳಿಗೆ ಹಾಕಿ ಮೆಷಿನ್ನಿಗೆ ಸೇರಿಸಬೇಕಾಗ್ತದೆ. ಬೇಡ ಅಂದ್ರೆ ಜೀವಕ್ಕೆ ಅಪಾಯ ಉಂಟು" ಎಂದರು. ಅಪ್ಪ ಮಾಸ್ಕನ್ನು ಕೈಯಿಂದ ಒಂದಿಷ್ಟು ಎತ್ತಿ, "ನೂರಕ್ಕೆ ಎಷ್ಟು?" ಎಂದರು. ವೈದ್ಯರು ತುಸು ಯೋಚಿಸಿ, ಬದುಕಿ ಹೊರಬರುವುದು ನೂರಕ್ಕೆ ಅರವತ್ತು ಎಂದು ತಮ್ಮ ಅಂದಾಜು ಹೇಳಿದರು. "ಮನೇಲಿ ಮೊದಲಿನ ಹಾಗೆ ಓಡಾಡೋದು?" ಈ ಸಲ ಉತ್ತರ ಬರಲು ಹೊತ್ತು ಹಿಡಿಯಿತು. ಅದು ಬಹಳ ಕಡಿಮೆ, ಹತ್ತು ಹದಿನೈದು ದಿನದಲ್ಲಿ ನಳಿಗೆ ಬಿಡಿಸಲಾಗದಿದ್ದರೆ ಗಂಟಲಲ್ಲಿ ರಂಧ್ರ ಮಾಡಬೇಕಾಗಬಹುದು ಎಂದರು. "ಹಾಗಾದ್ರೆ ಬೇಡ" ಎಂದು ಅಪ್ಪ ಮಾಸ್ಕನ್ನು ತಾವೇ ಸರಿಪಡಿಸಿಕೊಂಡರು.

ಹಿಂದಿನ ದಿನವೆಲ್ಲ ನಾವು ಜಗಳವಾಡಿದ್ದು ಮೊದಲನೆಯ ಪ್ರಶ್ನೆಯ ಮೇಲೆ. ಎರಡನೆಯದನ್ನು ನಾನೂ ಕೇಳಿರಲಿಲ್ಲ, ಅಣ್ಣನೂ ಕೇಳಿರಲಿಲ್ಲ, ವೈದ್ಯರಾಗಿಯೇ ಹೇಳಿಯೂ ಇರಲಿಲ್ಲ.

ಮಧ್ಯಾಹ್ನ ಇನ್ನೊಬ್ಬ ವೈದ್ಯರ ಹಾಗೂ ದಾದಿಯೊಬ್ಬರ ಎದುರು ಅದೇ ಪ್ರಶ್ನೆಯನ್ನು ಮತ್ತೆ ಕೇಳಲಾಯಿತು. "ಬೆಳಿಗ್ಗೆ ಹೇಳಿದ್ನಲ್ಲ" ಎಂದು ಅಪ್ಪ ರೇಗಿದರು. ವೈದ್ಯರು ಕೇಸ್ ಶೀಟಿನಲ್ಲಿ ಎಲ್ಲವನ್ನೂ ಬರೆದರು: ರೋಗಿಗೆ ವಿವರಿಸಿದ್ದು, ರೋಗಿ ಎರಡು ಬಾರಿ ನಿರಾಕರಿಸಿದ್ದು, ತಮ್ಮ ಸಲಹೆ ಈಗಲೂ ನಳಿಗೆ ಹಾಕಬೇಕೆಂಬುದೇ ಆಗಿರುವುದು. ಆ ಕೊನೆಯ ಸಾಲು ನನಗೆ ಹಿಡಿಸಿತು. ಒಪ್ಪದೆಯೂ ನಡೆಸಿಕೊಡಬಲ್ಲ ಮನುಷ್ಯ ಎಂಬ ವಿಶ್ವಾಸ ನನಗೆ ಅವರ ಮೇಲೆ ಹುಟ್ಟಿದ್ದು ಅದರಿಂದಲೇ.

ಇನ್ನೊಂದು ತಕರಾರು ಮಾರ್ಫಿನ್ ಕುರಿತದ್ದು. ಅದು ಉಸಿರಾಟವನ್ನು ಕುಗ್ಗಿಸುತ್ತದೆಂದು ಅವರು ಹಿಂಜರಿದರು. ಬೆಂಗಳೂರಿನಲ್ಲಿ ಉಪಶಮನ ಆರೈಕೆಯ ವೈದ್ಯೆಯೊಬ್ಬರ ಪರಿಚಯ ನನಗಿದ್ದುದರಿಂದ ಫೋನಿನಲ್ಲಿ ಇಬ್ಬರನ್ನೂ ಮಾತನಾಡಿಸಿ ನಾನು ದೂರ ಸರಿದೆ. ವೈದ್ಯರಿಗೆ ವೈದ್ಯರು ಹೇಳಿದರೆ ಇಳಿಯುವಷ್ಟು ಮಗಳು ಹೇಳಿದರೆ ಇಳಿಯದು. ತೀರ ಸಣ್ಣ ಪ್ರಮಾಣದಿಂದ ಆರಂಭಿಸಿ, ಉಸಿರಿನ ಎಣಿಕೆ ನೋಡುತ್ತ ಕೊಡುವುದೆಂದು ಅವರಿಬ್ಬರೇ ತೀರ್ಮಾನಿಸಿದರು. ಮಾಸ್ಕ್ ಬಿಗಿದು ಮೂಗಿನ ಮೇಲೆ ಗಾಯವಾಗಿದ್ದ ಅಪ್ಪ ಆ ಸಂಜೆ ಅದನ್ನು ತೆಗೆಸಿ, ಬರೀ ಮೂಗಿನ ನಳಿಯ ಆಮ್ಲಜನಕದಲ್ಲಿ ಒಂದೆರಡು ತಾಸು ನಿದ್ರಿಸಿದರು.

ಸೋಂಕು ಇಳಿಯಲಿಲ್ಲ. ಆ ವಾರ ಮುಗಿಯುವುದರೊಳಗೆ, ಐಸಿಯುವಿನಿಂದ ಹೊರಗಿನ ಕೋಣೆಯೊಂದಕ್ಕೆ ಬಂದ ಮೇಲೆ, ನಾವು ಮೂವರೂ ಪಕ್ಕದಲ್ಲಿರುವಾಗ ಅಪ್ಪ ತೀರಿಕೊಂಡರು.

ಆ ಅರವತ್ತರ ಲೆಕ್ಕ ಅಣ್ಣನ ತಲೆಯಿಂದ ಇಂದಿಗೂ ಹೋಗಿಲ್ಲ. ನಳಿಗೆ ಹಾಕಿದ್ದರೆ ಉಳಿಯುತ್ತಿದ್ದರು ಎಂದು ಅವನು ವೈಕುಂಠ ಸಮಾರಾಧನೆಯ ದಿನವೂ ಅಂದ. ಆಗುತ್ತಿರಲಿಲ್ಲವೆಂದು ಸಾಧಿಸಿ ತೋರಿಸಲು ನನ್ನಿಂದ ಸಾಧ್ಯವಿಲ್ಲ, ಅದನ್ನು ಅವನಿಗೂ ಹೇಳಿದ್ದೇನೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಾನು ನನ್ನದೇ ಮುಂಗಡ ನಿರ್ದೇಶನವನ್ನು ಇಬ್ಬರು ಸಾಕ್ಷಿಗಳ ಎದುರು ನೋಟರಿಯಿಂದ ದೃಢೀಕರಿಸಿಕೊಂಡೆ. ನನಗೆ ಪ್ರಜ್ಞೆಯಿಲ್ಲದಾಗ ನನ್ನ ಪರವಾಗಿ ಮಾತನಾಡುವವರೆಂದು ಅದರಲ್ಲಿ ಎರಡು ಹೆಸರು ಬರೆದಿದ್ದೇನೆ. ಒಂದು ಗಂಡನದು, ಇನ್ನೊಂದು ಅಣ್ಣನದು. ಅವನು ಓದಿ ನೋಡಿ, ನಳಿಗೆಯ ವಿಷಯದಲ್ಲಿ ವೈದ್ಯರನ್ನು ತಾನು ಚೆನ್ನಾಗಿ ವಿಚಾರಿಸದೆ ಯಾವುದಕ್ಕೂ ಒಪ್ಪುವುದಿಲ್ಲ ಎಂದ. ಅದಕ್ಕೇ ನಿನ್ನ ಹೆಸರು ಹಾಕಿದ್ದು ಎಂದೆ.